ಮಣಿಕಟ್ಟಿನ ಕೃತಕ ಕೀಲು ಮತ್ತು ಕಂಪ್ಯೂಟರಿನ ಲೆಕ್ಕ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ರುಮಟಾಯ್ಡ್ ಸಂಧಿವಾತದಿಂದ ಅವರ ಬಲಗೈಯ ಮಣಿಕಟ್ಟು ಸವೆದುಹೋಗಿದೆ. ಮೂಳೆಗಳನ್ನು ಒಂದಕ್ಕೊಂದು ಬೆಸೆಯಬಹುದು, ಇಲ್ಲವೇ ಕೃತಕ ಕೀಲು ಹಾಕಬಹುದು ಎಂದು ಮೈಸೂರಿನ ವೈದ್ಯರು ಹೇಳಿದ್ದಾರೆ. ಇಂಥ ಕೀಲುಗಳನ್ನು ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷಿಸುತ್ತಾರೆ ಎಂದು ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಹೇಳುತ್ತಾನೆ. ಲೋಹದ ಕೀಲು ಕೈಯೊಳಗೆ ಹೇಗೆ ಬಾಳುತ್ತದೆಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಅದನ್ನು ನಂಬಬಹುದೇ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಮ್ಮ ಮಗ ಹೇಳಿರುವುದು ಸರಿ. ಮಣಿಕಟ್ಟಿನ ಕೃತಕ ಕೀಲು ಬಹಳ ಹಳೆಯ ಯೋಚನೆ. 1890ರಲ್ಲಿಯೇ ಜರ್ಮನಿಯ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್ ಅವರು ಆನೆಯ ದಂತದಿಂದ ಮಾಡಿದ ಕೀಲನ್ನು ರೋಗಿಯೊಬ್ಬರ ಕೈಗೆ ಹಾಕಿದ್ದರು. 1960ರ ದಶಕದಲ್ಲಿ ಸಿಲಿಕೋನಿನ ಕೀಲು ಬಂತು, 1970ರ ದಶಕದಲ್ಲಿ ಲೋಹ ಮತ್ತು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಜೋಡಿಯ ಕೀಲುಗಳು ಬಂದವು. ಆಗೆಲ್ಲ ಒಂದು ವಿನ್ಯಾಸದ ಕೊರತೆ ಗೊತ್ತಾಗುತ್ತಿದ್ದುದು ಬಹುಮಟ್ಟಿಗೆ ಅದನ್ನು ಹಾಕಿಸಿಕೊಂಡವರ ಕೈ ನೋಯತೊಡಗಿದ ಮೇಲೆ. ಅಂಥ ಕೊರತೆಗಳಲ್ಲಿ ಕೆಲವನ್ನಾದರೂ ರೋಗಿಯ ಮೈಗೆ ತಾಗುವ ಮೊದಲೇ ಹಿಡಿಯುವುದಕ್ಕಾಗಿ ಕಂಪ್ಯೂಟರಿನ ಲೆಕ್ಕ ಹುಟ್ಟಿಕೊಂಡಿದೆ.

ಈ ಲೆಕ್ಕದ ಕ್ರಮಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರು. 1960ರಲ್ಲಿ ಆ ಹೆಸರಿಟ್ಟವರು ಅಮೆರಿಕದ ಇಂಜಿನಿಯರ್ ರೇ ಕ್ಲಫ್. ವಿಮಾನದ ರೆಕ್ಕೆಗಳಿಗಾಗಿ ಬೆಳೆದ ಈ ವಿಧಾನವನ್ನು ಅವರು ಸ್ವಲ್ಪ ಕಾಲದಲ್ಲೇ ಅಲ್ಲಿನ, ಬಿರುಕು ಬಿಟ್ಟಿದ್ದ ನಾರ್ಫೋರ್ಕ್ ಅಣೆಕಟ್ಟಿನ ಮೇಲೆ ಪ್ರಯೋಗಿಸಿದರು. ಕನ್ನಂಬಾಡಿ ಕಟ್ಟೆಯ ನೀರುಂಡು ಬೆಳೆದ ನಮ್ಮ ಸೀಮೆಯವರಿಗೆ ಆ ಕೆಲಸದ ಮಹತ್ವವನ್ನು ವಿವರಿಸಬೇಕಾಗಿಲ್ಲ. 1972ರ ಹೊತ್ತಿಗೆ ಇದೇ ವಿಧಾನ ತೊಡೆಯ ಮೂಳೆಯ ಅಧ್ಯಯನಕ್ಕೂ ಬಂದಿತ್ತು. ಅಣೆಕಟ್ಟಿಗಾಗಲಿ ಮೂಳೆಗಾಗಲಿ ಲೆಕ್ಕದ ತಿರುಳು ಒಂದೇ: ಒಟ್ಟಾಗಿ ಲೆಕ್ಕಕ್ಕೆ ಸಿಗದಷ್ಟು ಜಟಿಲವಾದ ಆಕಾರವನ್ನು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಣ್ಣ ತುಣುಕುಗಳ ಜಾಲವಾಗಿ ಒಡೆದು, ಪ್ರತಿ ತುಣುಕು ಪಕ್ಕದ ತುಣುಕನ್ನು ಎಷ್ಟು ತಳ್ಳುತ್ತದೆ, ಎಷ್ಟು ಎಳೆಯುತ್ತದೆ ಎಂಬುದನ್ನು ಸಮೀಕರಣಗಳಾಗಿ ಬರೆದು ಎಲ್ಲವನ್ನೂ ಒಟ್ಟಿಗೆ ಬಿಡಿಸುವುದು.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಸಿಟಿ ಸ್ಕ್ಯಾನಿನಿಂದ ಅವುಗಳ ಆಕಾರ ದೊರೆಯುತ್ತದೆ. ಚಿತ್ರದಲ್ಲಿ ಎಲ್ಲಿ ಹೆಚ್ಚು ಬಿಳುಪೋ ಅಲ್ಲಿ ಮೂಳೆ ಸಾಂದ್ರವೆಂದು ತಿಳಿದು, ಆ ಸಾಂದ್ರತೆಯಿಂದ ಪ್ರತಿ ತುಣುಕಿನ ಬಿಗಿತವನ್ನು, ಅಂದರೆ ಭಾರಕ್ಕೆ ಬಾಗದೆ ನಿಲ್ಲುವ ಗುಣವನ್ನು, ಅಂದಾಜು ಮಾಡುತ್ತಾರೆ. ಬಿಗಿತವನ್ನು ಅಳೆಯುವ ಮಾನ ಗಿಗಾಪ್ಯಾಸ್ಕಲ್; ಮೂಳೆಯ ಗಟ್ಟಿ ಹೊರಪದರದ್ದು ಸುಮಾರು 15ರಿಂದ 20. ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಕೋಬಾಲ್ಟ್–ಕ್ರೋಮಿನದ್ದು 200ಕ್ಕೂ ಹೆಚ್ಚು. ನಿಮ್ಮ ತಾಯಿಯವರ ಕೀಲಿನ ಭವಿಷ್ಯ ಈ ಅಂತರದಲ್ಲಿಯೇ ಬಹಳಷ್ಟು ಅಡಗಿದೆ. ಬಿಗಿಯಾದ ಲೋಹ ಭಾರವನ್ನೆಲ್ಲ ತಾನೇ ಹೊತ್ತುಕೊಂಡರೆ ಅದರ ಪಕ್ಕದ ಮೂಳೆಗೆ ಕೆಲಸ ಕಡಿಮೆಯಾಗುತ್ತದೆ, ಮತ್ತು ಕೆಲಸವಿಲ್ಲದ ಮೂಳೆ ದೇಹದಲ್ಲಿ ನಿಧಾನವಾಗಿ ಕರಗುತ್ತದೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂದು ಜೂಲಿಯಸ್ ವುಲ್ಫ್ 1892ರಲ್ಲಿ ಬರೆದದ್ದು ಇದನ್ನೇ. ಎರಡನೆಯದಾಗಿ, ಸಿಮೆಂಟಿಲ್ಲದೆ ಕೂರಿಸಿದ ಕೀಲಿನ ಕಾಂಡ, ಅಂದರೆ ಮೂಳೆಯೊಳಗೆ ತೂರಿಸುವ ಕಡ್ಡಿಯಂಥ ಭಾಗ, ಅಲ್ಲಿ ಕೂದಲೆಳೆಯಷ್ಟೂ ಅಲುಗಬಾರದು. ಅಲುಗಾಟ ಸುಮಾರು 50 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಡಿಮೆಯಿದ್ದರೆ ಮೂಳೆ ಲೋಹಕ್ಕೆ ಬೆಸೆದುಕೊಳ್ಳುವ ಸಾಧ್ಯತೆ ಹೆಚ್ಚು. 150 ಮೈಕ್ರಾನ್ ದಾಟಿದರೆ ನಡುವೆ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದು ಕೀಲು ಸಡಿಲವಾಗುತ್ತದೆ. ಕಣ್ಣಿಗೆ ಕಾಣದ ಈ ಅಲುಗಾಟವನ್ನು ಮೂಳೆಯ ಉದ್ದಕ್ಕೂ ಎಳೆ ಎಳೆಯಾಗಿ ತೋರಿಸುವುದರಲ್ಲಿ ಕಂಪ್ಯೂಟರ್ ಮಾದರಿ ನಿಜಕ್ಕೂ ಸಮರ್ಥವಾಗಿದೆ.

ನಂಬಬಹುದೇ ಎಂದು ಕೇಳಿದ್ದೀರಿ. ಎರಡು ವಿನ್ಯಾಸಗಳಲ್ಲಿ ಯಾವುದು ಮೂಳೆಗೆ ಕಡಿಮೆ ತೊಂದರೆ ಕೊಡುತ್ತದೆ ಎಂಬ ಪ್ರಶ್ನೆಗೆ ಮಾದರಿಯ ಉತ್ತರವನ್ನು, ಪ್ರಯೋಗಾಲಯದ ಪರೀಕ್ಷೆಯೊಡನೆ ಹೋಲಿಸಿ ಸರಿ ಕಂಡಿದ್ದರೆ, ನಾನು ನಂಬುತ್ತೇನೆ. ಈ ಕೀಲು ನಿಮ್ಮ ತಾಯಿಗೆ ಇಷ್ಟು ವರ್ಷ ಬರುತ್ತದೆ ಎಂದು ಯಾರಾದರೂ ಮಾದರಿಯನ್ನು ತೋರಿಸಿ ಹೇಳಿದರೆ ನಂಬುವುದಿಲ್ಲ. ಸೋಂಕು, ಸಂಧಿವಾತದಿಂದ ಮೆತ್ತಗಾದ ಮೂಳೆ, ಶಸ್ತ್ರಕ್ರಿಯೆಯಲ್ಲಿ ಒಂದೆರಡು ಡಿಗ್ರಿ ಓರೆಯಾದ ಕಾಂಡ, ಇವೆಲ್ಲ ನಾವು ಬರೆದು ಕೊಟ್ಟರಷ್ಟೇ ಲೆಕ್ಕಕ್ಕೆ ಸೇರುತ್ತವೆ. ಇನ್ನು ವೈದ್ಯರು ಹೇಳಿದ ಎರಡು ದಾರಿಗಳು: ಮೂಳೆಗಳ ಬೆಸುಗೆಯಿಂದ ನೋವು ಹೋಗಿ ಬಲ ಉಳಿಯುತ್ತದೆ, ಚಲನೆ ಹೋಗುತ್ತದೆ. ಕೃತಕ ಕೀಲಿನಿಂದ ಚಲನೆ ಉಳಿಯುತ್ತದೆ, ಆದರೆ ಭಾರದ ಮಿತಿಯೂ ಸಡಿಲವಾಗುವ ಭಯವೂ ಇರುತ್ತವೆ. ನಿಮ್ಮ ತಾಯಿಯವರ ಎಡಗೈಯೂ ಸವೆದಿದ್ದರೆ ಒಂದು ಕೈಯಲ್ಲಾದರೂ ಚಲನೆ ಉಳಿಸಿಕೊಳ್ಳುವುದು ಬಹಳ ಮುಖ್ಯವಾಗುತ್ತದೆ. ಅವರು ದಿನವೂ ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಿ.

ಪ್ರಶ್ನೆ: ಮಣಿಕಟ್ಟಿಗೆ ಕೃತಕ ಕೀಲು ಹಾಕಿಸಿಕೊಂಡ ನಮ್ಮ ಅತ್ತೆಗೆ ಭಾರ ಎತ್ತಬೇಡಿ, ಮುದ್ದೆ ತೊಳಸಬೇಡಿ ಎಂದಿದ್ದಾರೆ. ಮೂಳೆಗಿಂತ ಗಟ್ಟಿಯಾದ ಲೋಹವನ್ನು ಹಾಕಿದ ಮೇಲೂ ಇಷ್ಟು ಎಚ್ಚರ ಏಕೆ?
– ಓದುಗರೊಬ್ಬರು, ಮದ್ದೂರು

ಉತ್ತರ: ಲೋಹ ಮುರಿಯುತ್ತದೆಂಬ ಭಯಕ್ಕಿಂತ ಲೋಹವನ್ನು ಹಿಡಿದಿರುವ ಮೂಳೆ ಸೋಲುತ್ತದೆಂಬ ಭಯ ದೊಡ್ಡದು. ಇಂಥ ಕೀಲುಗಳಲ್ಲಿ ಸಡಿಲವಾಗುವುದು ಹೆಚ್ಚಾಗಿ ಮುಂಗೈ ಮೂಳೆಯೊಳಗಿನ ಭಾಗವಲ್ಲ, ಮಣಿಕಟ್ಟಿನ ಸಣ್ಣ ಮೂಳೆಗಳಿಗೆ ಸ್ಕ್ರೂ ಹಾಕಿ ಕೂರಿಸಿದ ಅಂಗೈ ಕಡೆಯ ಭಾಗ. ಅಲ್ಲಿ ಹಿಡಿತಕ್ಕೆ ಸಿಗುವ ಮೂಳೆಯೇ ಕಡಿಮೆ.

ಕೀಲಿನ ಮೇಲೆ ಬೀಳುವ ಭಾರವೂ ನಾವು ಕೈಯಲ್ಲಿ ಹಿಡಿದ ಭಾರಕ್ಕಿಂತ ಬಹಳ ಹೆಚ್ಚು. ಅಂಗೈ ಕೆಳಗೆ ಮಾಡಿ ಎರಡು ಕೆಜಿಯ ಹಾಲಿನ ಕ್ಯಾನನ್ನು ಹಿಡಿದಿದ್ದೀರಿ ಎನ್ನಿ. ಆ ಭಾರ ಮಣಿಕಟ್ಟಿನ ನಡುವಿನಿಂದ ಎಂಟು ಸೆಂಟಿಮೀಟರ್ ಮುಂದಿದೆ, ಅದನ್ನು ಬೀಳದಂತೆ ತಡೆಯುವ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗಗಳು) ನಡುವಿನಿಂದ ಎರಡೇ ಸೆಂಟಿಮೀಟರ್ ದೂರದಲ್ಲಿ ಹಾದುಹೋಗುತ್ತವೆ. ಏತದಲ್ಲಿ ಗಿಡ್ಡ ಕಡೆಯನ್ನು ಎಳೆಯುವವನ ಪಾಡು ಅವುಗಳದು: ಎರಡು ಕೆಜಿಯನ್ನು ನಿಲ್ಲಿಸಲು ಅವು ಎಂಟು ಕೆಜಿಯಷ್ಟು ಬಲದಿಂದ ಎಳೆಯಬೇಕು, ಆ ಎಳೆತವೆಲ್ಲ ಕೀಲನ್ನು ಅದುಮುತ್ತದೆ. ಮುಷ್ಟಿ ಬಿಗಿದರೂ ಹೀಗೆಯೇ. ಹಿಡಿತದ ಬಲದ ಸುಮಾರು ಎರಡೂವರೆ ಪಟ್ಟು ಬಲ ಮುಂಗೈಯ ರೇಡಿಯಸ್ ಮೂಳೆಯ ತುದಿಯ ಮೂಲಕ ಹಾಯುತ್ತದೆಂದು ಶವದ ಕೈಗಳ ಮೇಲೆ ನಡೆದ ಪ್ರಯೋಗದಲ್ಲಿ ಅಳೆದಿದ್ದಾರೆ.

ಮುದ್ದೆ ತೊಳಸುವುದನ್ನು ನಿಮ್ಮ ವೈದ್ಯರು ಹೆಸರು ಹಿಡಿದು ಹೇಳಿರುವುದು ನನಗೆ ತುಂಬ ಮೆಚ್ಚುಗೆಯಾಯಿತು. ಕುದಿಯುವ ಹಿಟ್ಟಿನಲ್ಲಿ ಕೋಲನ್ನು ಎರಡೂ ಕೈಯಿಂದ ಬಿಗಿಹಿಡಿದು ತಿರುಗಿಸುವಾಗ ಅದುಮುವ ಬಲದ ಜೊತೆಗೆ ತಿರುಚುವ ಬಲವೂ ಸೇರುತ್ತದೆ, ಅದು ಸ್ಕ್ರೂಗಳನ್ನು ಸಡಿಲಿಸಬಹುದು. ಕಬ್ಬು ಕಡಿಯುವಾಗ ಮಚ್ಚು ಬೀಸುವ ಕೈಯನ್ನು ನೋಡಿ: ಮಣಿಕಟ್ಟು ಹಿಂದಕ್ಕೆ ಹೆಬ್ಬೆರಳ ಕಡೆಗೆ ವಾಲಿ, ಅಲ್ಲಿಂದ ಮುಂದಕ್ಕೆ ಕಿರುಬೆರಳ ಕಡೆಗೆ ಓರೆಯಾಗಿ ಇಳಿಯುತ್ತದೆ. ಸುತ್ತಿಗೆ ಹೊಡೆಯುವಾಗಲೂ ಇದೇ ಓರೆ ದಾರಿ. ಆದರೂ ಮಾದರಿಗಳಲ್ಲಿ ಕೈಯನ್ನು ನೇರವಾಗಿಟ್ಟು ಮೇಲಿನಿಂದ ಅದುಮುವ ಭಾರವನ್ನಷ್ಟೇ ಕೊಟ್ಟು ಮುಗಿಸುವುದು ಸಾಮಾನ್ಯ. ನಮ್ಮ ಹೆಂಗಸರು, ನಮ್ಮ ಕೂಲಿಕಾರರು ಮಾಡುವ ಕೆಲಸದ ಭಾರವನ್ನು ಅಳೆದು ಮಾದರಿಗೆ ಕೊಡುವವರೆಗೆ ಅದರ ಉತ್ತರ ನಮ್ಮ ಕೈಗಳಿಗೆ ಪೂರ್ತಿ ಸಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದಾಗ ಹಾಕಿದ ಪ್ಲೇಟನ್ನು ಮೂಳೆ ಕೂಡಿದ ಮೇಲೆ ತೆಗೆಸಲೇಬೇಕೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಮೂಳೆ ಕೂಡುವವರೆಗೆ ಪ್ಲೇಟು ಭಾರ ಹೊರುತ್ತದೆ, ಆಮೇಲೆ ಬಹುಪಾಲು ಭಾರ ಮೂಳೆಗೆ ಮರಳುತ್ತದೆ. ಆದರೆ ಪ್ಲೇಟಿನ ತುದಿ ಅಂಗೈಯ ಕಡೆಗೆ ಮುಂದೆ ಚಾಚಿದ್ದರೆ ಹೆಬ್ಬೆರಳನ್ನು ಮಡಿಸುವ ಸ್ನಾಯುರಜ್ಜು ಅದಕ್ಕೆ ಉಜ್ಜಿ ಸವೆಯಬಹುದು. ಹೆಬ್ಬೆರಳು ಮಡಿಸುವಾಗ ಕಿರಗುಟ್ಟಿದಂತೆ ಅನಿಸಿದರೆ, ನೋವು ಬಂದರೆ, ತಡಮಾಡದೆ ಶಸ್ತ್ರವೈದ್ಯರನ್ನು ಕಾಣಿ.

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟಿಗೆ ಮಣಿಕಟ್ಟಿನ ಕೀಲಿನ ಮಾದರಿ ಮಾಡುತ್ತಿದ್ದೇವೆ. ಒತ್ತಡದ ಬಣ್ಣದ ಚಿತ್ರ ಬಂದಿದೆ, ಎಲ್ಲವೂ ಸುರಕ್ಷಿತ ಎಂದು ತೋರಿಸುತ್ತಿದೆ. ಇಷ್ಟು ಸಾಕೇ?
– ವಿದ್ಯಾರ್ಥಿನಿಯೊಬ್ಬರು, ಮಂಡ್ಯ

ಉತ್ತರ: ಸಾಲದಮ್ಮ. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಒಂದು ತಂಡ ಹೀಗೆಯೇ ಸುಂದರವಾದ ಚಿತ್ರ ತಂದಿತ್ತು, ನಾನೂ ಮೆಚ್ಚಿ ಸಹಿ ಹಾಕಿದ್ದೆ. ವಾರದ ನಂತರ ನೋಡಿದರೆ ಲೋಹಕ್ಕೂ ಮೂಳೆಗೂ ನಡುವಿನ ಸಂಪರ್ಕವನ್ನು ಅಂಟಿಸಿದಂತೆ ಕೊಟ್ಟುಬಿಟ್ಟಿದ್ದರು. ಅಂಟಿಸಿದ ಮೇಲೆ ಕಾಂಡ ಅಲುಗುವುದಾದರೂ ಹೇಗೆ? ಘರ್ಷಣೆಯ ಸಂಪರ್ಕಕ್ಕೆ ಬದಲಿಸಿದ ಕೂಡಲೇ ಅಲುಗಾಟ ಕಾಣಿಸಿಕೊಂಡಿತು. ಸಹಿ ಹಾಕುವ ಮೊದಲು ಆ ಒಂದು ಪ್ರಶ್ನೆ ಕೇಳದಿದ್ದುದು ನನ್ನ ತಪ್ಪು, ಅದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಆದ್ದರಿಂದ ಮೊದಲು ನಿಮ್ಮ ಸಂಪರ್ಕಗಳನ್ನು ನೋಡಿ. ಆಮೇಲೆ ಜಾಲವನ್ನು ಇನ್ನಷ್ಟು ಸಣ್ಣದಾಗಿಸಿ ಮತ್ತೆ ಓಡಿಸಿ; ಉತ್ತರ ಬದಲಾಗುತ್ತಲೇ ಇದ್ದರೆ ನಿಮ್ಮ ಕೈಯಲ್ಲಿರುವುದು ಇನ್ನೂ ಉತ್ತರವಲ್ಲ. ಕೀಲಿಲ್ಲದ ಸಹಜ ಮಣಿಕಟ್ಟನ್ನೂ ಲೆಕ್ಕ ಮಾಡಿ: ಕೈ ನೇರವಾಗಿರುವಾಗ ಭಾರದ ಸುಮಾರು ಶೇಕಡಾ 80 ರೇಡಿಯಸ್ ಮೂಳೆಗೂ 20 ಅದರ ಪಕ್ಕದ, ಕಿರುಬೆರಳ ಕಡೆಯ ಅಲ್ನಾ ಮೂಳೆಗೂ ಹೋಗುತ್ತದೆಂಬುದು 1984ರಿಂದ ತಿಳಿದ ಸಂಗತಿ, ನಿಮ್ಮ ಮಾದರಿ ಅದರ ಹತ್ತಿರಕ್ಕಾದರೂ ಬರಬೇಕು. ವೈದ್ಯಕೀಯ ಸಾಧನಗಳ ಮಾದರಿಗಳಿಗೆಂದೇ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ 2018ರಲ್ಲಿ ‘ವಿ ಅಂಡ್ ವಿ 40’ ಎಂಬ ಮಾನದಂಡವನ್ನು ಹೊರತಂದಿದೆ. ಮಾದರಿ ತಪ್ಪಿದರೆ ರೋಗಿಗೆ ಆಗುವ ಹಾನಿ ಎಷ್ಟು ದೊಡ್ಡದೋ ಪುರಾವೆಯೂ ಅಷ್ಟು ಬಲವಾಗಿರಬೇಕು ಎಂಬುದು ಅದರ ಮೂಲ ತತ್ವ. ವರದಿಯಲ್ಲಿ ಸುರಕ್ಷಿತ ಎಂಬ ಪದದ ಬದಲು ಯಾವ ಭಾರಕ್ಕೆ, ಕೈಯ ಯಾವ ಭಂಗಿಯಲ್ಲಿ, ಎಂಥ ಮೂಳೆಗೆ ಎಂದು ಬರೆಯಿರಿ. ಸಾಧ್ಯವಾದರೆ ಹಿಡಿತದ ಬಲ ಅಳೆಯುವ ಡೈನಮೋಮೀಟರನ್ನು ಕಾಲೇಜಿನಿಂದ ಎರವಲು ಪಡೆದು, ನಿಮ್ಮ ಮನೆಯಲ್ಲಿ ಮುದ್ದೆ ತೊಳಸುವವರ ಹಿಡಿತವನ್ನು ಅವರ ಒಪ್ಪಿಗೆ ಪಡೆದು ಅಳೆದು, ಆ ಅಂಕಿಯನ್ನೇ ಮಾದರಿಗೆ ಕೊಟ್ಟು ಇನ್ನೊಮ್ಮೆ ಓಡಿಸಿ. ಬಂದ ಫಲಿತಾಂಶವನ್ನು ಈ ಅಂಕಣಕ್ಕೆ ಬರೆದು ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ.