ನರ್ಸಿಂಗ್ ಇತಿಹಾಸದ ಅಸೈನ್‌ಮೆಂಟ್ ವಾಪಸ್ ಬಂದದ್ದು ಯಾಕೆ?

ನರ್ಸಿಂಗ್ ವೃತ್ತಿಯ ಇತಿಹಾಸ, ಉದ್ದೇಶದ ಬಗ್ಗೆ ನೀವು ಬರೆದ ಅಸೈನ್‌ಮೆಂಟನ್ನು ಮೇಡಂ ‘ವೃತ್ತಿಯ ಇತಿಹಾಸ ಎಲ್ಲಿದೆ?’ ಅಂತ ಬರೆದು ವಾಪಸ್ ಕೊಟ್ಟದ್ದು ಯಾಕೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ಇದು: ನೀವು ಬರೆದಿರುವುದು ವೃತ್ತಿಯ ಇತಿಹಾಸವಲ್ಲ, ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನಚರಿತ್ರೆ. ನಾನು ತಿದ್ದುವ ಅಸೈನ್‌ಮೆಂಟ್‌ಗಳಲ್ಲೂ ಇದೇ ಗೋಳು.

ಮೊದಲು ಹುಟ್ಟು, ಬಾಲ್ಯದ ಪುಟ ತೆಗೆದುಹಾಕಿ. ಬದಲಿಗೆ 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ ದಂಪತಿ ಶುರುಮಾಡಿದ ನರ್ಸಿಂಗ್ ತರಬೇತಿಯಿಂದ ಆರಂಭಿಸಿ. ನೈಟಿಂಗೇಲ್ ಕಲಿತದ್ದೂ ಅಲ್ಲೇ.

ಆಮೇಲೆ ನೈಟಿಂಗೇಲ್ ಬ್ರಿಟಿಷ್ ಸೈನಿಕರ ಆರೈಕೆಗೆ ಹೋದ ಕ್ರಿಮಿಯಾ ಯುದ್ಧ (1853–56). ಅವರು ರಾತ್ರಿ ದೀಪ ಹಿಡಿದು ರೋಗಿಗಳನ್ನು ನೋಡುವ ಚಿತ್ರ ಬಿಡಿ, ಅದು ಎಲ್ಲರ ಅಸೈನ್‌ಮೆಂಟಲ್ಲೂ ಇರುತ್ತೆ. ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಯಲ್ಲಿ ಗಾಯಕ್ಕಿಂತ ಟೈಫಸ್ (ಹೇನಿನಿಂದ ಹರಡುವ ಜ್ವರ), ಕಾಲರಾ, ಆಮಶಂಕೆಗೆ ಸತ್ತ ಸೈನಿಕರೇ ಹೆಚ್ಚು. 1855ರಲ್ಲಿ ಬ್ರಿಟಿಷ್ ಸರ್ಕಾರದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ವಾರ್ಡುಗಳಲ್ಲಿ ಗಾಳಿಯಾಡುವಂತೆ ಮಾಡಿದ ಮೇಲೆ ಸಾವು ಇಳಿಯಿತು. ಯುದ್ಧ ಮುಗಿದ ನಂತರ ನೈಟಿಂಗೇಲ್ ಆ ಸಾವುಗಳ ಲೆಕ್ಕವನ್ನೆಲ್ಲ ರೇಖಾಚಿತ್ರಗಳಲ್ಲಿ ತೋರಿಸಿದರು. ಶುಚಿಯಾಗಿಡುವುದು, ಗಮನಿಸುವುದು, ಬರೆದಿಡುವುದು ಈ ಕೆಲಸದ ತಿರುಳು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಒಂದಿಡೀ ಪುಟ ಇದಕ್ಕೇ ಕೊಡಿ.

ನಂತರ ಎರಡೇ ಸಾಲು: 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದ ನೈಟಿಂಗೇಲ್ ಅವರ ನರ್ಸಿಂಗ್ ಶಾಲೆ, 1901ರಲ್ಲಿ ನ್ಯೂಜಿಲೆಂಡಿನ ನರ್ಸ್‌ಗಳ ನೋಂದಣಿ ಕಾಯ್ದೆ. ನರ್ಸಿಂಗನ್ನು ‘ವೃತ್ತಿ’ ಅನ್ನಲು ಆಧಾರ ಈ ತರಬೇತಿ, ನೋಂದಣಿಗಳೇ.

ನರ್ಸಿಂಗ್‌ನ ಉದ್ದೇಶದ ಭಾಗಕ್ಕೆ ಅಮೆರಿಕದ ನರ್ಸ್, ಲೇಖಕಿ ವರ್ಜೀನಿಯಾ ಹೆಂಡರ್ಸನ್ ವ್ಯಾಖ್ಯೆ ಸಾಕು: ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ವ್ಯಕ್ತಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳಲ್ಲಿ ನೆರವಾಗುವುದು, ಆದಷ್ಟು ಬೇಗ ಅವರು ಸ್ವಾವಲಂಬಿಗಳಾಗುವಂತೆ ಮಾಡುವುದು. ನಿಮ್ಮ ಮಾತಲ್ಲೇ ಬರೆಯಿರಿ.

ನಿಮ್ಮ ದೇಶದ ಇತಿಹಾಸವೂ ಸೇರಬೇಕೇ ಅನ್ನುವುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗಲಿಲ್ಲ. ಮತ್ತೆ ಕೊಡುವ ಮುಂಚೆ ಮೇಡಂ ಅವರನ್ನೇ ಕೇಳಿಬಿಡಿ.