ಅಟ್ಟದಲ್ಲಿ ಸಿಕ್ಕ ಅಜ್ಜನ ಸ್ಪೂಲ್ ಟೇಪುಗಳನ್ನು ಈಗ ಕೇಳಬಹುದೇ?

ಎಂಟು ಸ್ಪೂಲ್ (ಟೇಪು ಸುತ್ತಿದ ಬಿಡಿ ಚಕ್ರ) ಸಿಕ್ಕಿವೆ, ಮಷಿನ್ನೂ ಇದೆ, ಸುಮ್ನೆ ಒಮ್ಮೆ ಹಾಕಿ ನೋಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ನಾನು ಹಾಗೆ ಹಾಕಿ ಕೆಟ್ಟವನು.

ನಮ್ಮದು ಕೊಪ್ಪದ ಹತ್ತಿರದ ಹಳ್ಳಿ. ಮನೆಗೆ ಕರೆಂಟ್ ಬರುವ ಮೊದಲೇ ದೊಡ್ಡಪ್ಪ ಸೆಲ್ ಹಾಕುವ ಸ್ಪೂಲ್ ಟೇಪ್ ರೆಕಾರ್ಡರ್ ತಂದಿದ್ದರು. ಮಳೆಗಾಲದಲ್ಲಿ ಜಗಲಿಯಲ್ಲಿ ತಾಳಮದ್ದಲೆ (ವೇಷವಿಲ್ಲದೆ ಕೂತು ಆಡುವ ಯಕ್ಷಗಾನ) ಆದರೆ ಮಷಿನ್ನಿಗೂ ಒಂದು ಚಾಪೆ. 5 ಇಂಚಿನ ಸ್ಪೂಲಿನಲ್ಲಿ 600 ಅಡಿ ಟೇಪು. ಸೆಕೆಂಡಿಗೆ 3¾ ಇಂಚು ಓಡಿದರೆ ಒಂದು ಬದಿಗೆ 32 ನಿಮಿಷ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೆ ಅದೆಲ್ಲಿ ಸಾಕು! ಕೃಷ್ಣ ಪೀಠಿಕೆ ಮುಗಿಸುವ ಮೊದಲೇ ಟೇಪು ಮುಗಿದು ಪಟಪಟ ಬಡಿಯುತ್ತಿತ್ತು. ಸೆಲ್ ಸೋತಾಗ ಟೇಪು ನಿಧಾನ ಓಡುತ್ತಲೇ ರೆಕಾರ್ಡ್ ಆಗುತ್ತಿತ್ತು. ಆಮೇಲೆ ಹೊಸ ಸೆಲ್ ಹಾಕಿ ಕೇಳಿದರೆ ಭಾಗವತರು ಕೊನೇ ಬಸ್ಸಿಗೆ ಹೊತ್ತಾದವರಂತೆ ಕೀರಲು ದನಿಯಲ್ಲಿ ಹಾಡುತ್ತಿದ್ದರು.

ಕೆಲವು ವರ್ಷದ ಹಿಂದೆ ಅದೇ ಮಷಿನ್ನಿಗೆ ಅಜ್ಜಿಯ ಸೋಬಾನೆ ಪದದ ಸ್ಪೂಲ್ ಹಾಕಿದೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತಾಗಿದ್ದನ್ನು ನೋಡಿರಲಿಲ್ಲ. ಟೇಪು ಸಿಕ್ಕಿಕೊಂಡು ತುಂಡಾಯಿತು. ಅವಸರಕ್ಕೆ ಸೆಲ್ಲೋಟೇಪ್ ಹಚ್ಚಿದೆ. ಅದರ ಅಂಟು ಹರಿದು ಪಕ್ಕದ ಸುತ್ತಿಗೂ ಹಿಡಿಯಿತು. ಹಸೆಗೆ ಕರೆಯುವ ಪದ ಅರ್ಧವೇ ಉಳಿದಿದೆ. ಬೆಸುಗೆಗೆ ಸ್ಪ್ಲೈಸಿಂಗ್ ಟೇಪ್ ಅಂತಲೇ ಬೇರೆ ಬರುತ್ತದೆ.

ನೀವು ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹಳೇ ಟೇಪು, ಹಾಳಾಗಲು ಶುರುವಾಗಿದೆ. ಉಳಿದವುಗಳಿಂದ ಬೇರೆ ಇಡಿ, ಗಾಳಿಯಾಡದಂತೆ ಮುಚ್ಚಬೇಡಿ, ಡಿಜಿಟಲ್ ಮಾಡಿಸುವಾಗ ಅದಕ್ಕೇ ಮೊದಲ ಸರದಿ. ಬೂಷ್ಟು ಹಿಡಿದಿದ್ದರೆ, ನಮ್ಮ ಮಲೆನಾಡಲ್ಲಿ ಹಿಡಿಯದೆ ಇರುತ್ತದಾ, ಶುಚಿ ಮಾಡಿಸದೆ ಓಡಿಸಬೇಡಿ. ಬಿಸಿಲಿಗೂ ಇಡಬೇಡಿ. ಟೇಪನ್ನು ಓವನ್ನಿನಲ್ಲಿ ‘ಬೇಯಿಸುವ’ ವಿಡಿಯೋಗಳಿವೆ ಅಲ್ವಾ, ಅದು 70-80ರ ದಶಕದ ಕೆಲವು ಜಿಗುಟು ಪಾಲಿಯೆಸ್ಟರ್ ಟೇಪಿಗೆ ಮಾತ್ರ. ಅಸಿಟೇಟ್ ಅದರಲ್ಲಿ ಹಾಳಾಗುತ್ತದೆ.

ಸರ್ವಿಸ್ ಆದ ಮಷಿನ್, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಹೆಡ್ (ಟೇಪಿನಿಂದ ದನಿ ಓದುವ ಭಾಗ), ಇಷ್ಟು ಇರುವವರ ಹತ್ತಿರ ಕೊಡಿ. ಮೊದಲ ಸಲ ಓಡಿಸುವಾಗಲೇ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್ (ದನಿ ಕುಗ್ಗಿಸದ ದೊಡ್ಡ ಫೈಲ್) ಆಗಬೇಕು. ಎರಡನೇ ಸಲಕ್ಕೆ ಟೇಪು ಉಳಿಯದೆ ಇರಬಹುದು. ಓಟದ ವೇಗ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಬಹುದು. ನಮ್ಮ ಭಾಗವತರು ಈಗ ಸಾವಧಾನವಾಗಿ ಹಾಡುತ್ತಾರೆ.

ಗದ್ದಲ ತೆಗೆಯಲಾ ಅಂತ ಕೇಳಿದರೆ ಮೂಲ ಫೈಲ್ ಮುಟ್ಟಲು ಬಿಡಬೇಡಿ. ನಮ್ಮದರಲ್ಲಿ ಹೆಂಚಿನ ಮೇಲಿನ ಮಳೆ ಇದೆ. ಅಜ್ಜಿ ಪದ ನಿಲ್ಲಿಸಿ ‘ಹಾಲು ಉಕ್ತು ನೋಡೇ’ ಅಂದದ್ದೂ ಇದೆ. ಅದನ್ನು ತೆಗೆದರೆ ಇನ್ನೇನು ಉಳೀತು?

ಕೆಲಸ ಆದಮೇಲೂ ಸ್ಪೂಲ್ ಬಿಸಾಡಬೇಡಿ. ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಣಗಿದ ಕೋಣೆಯಲ್ಲಿ ಇಡಿ. ಅಟ್ಟದಲ್ಲಿ ಮಾತ್ರ ಬೇಡ.