ಸೊಂಟದಲ್ಲಿ ಪಿಸ್ತೂಲು, ಹಿಂದೆ ಪೊಲೀಸ್ ದೀಪ

ಗ್ರೀನ್ ಕಾರ್ಡ್ ಮೇಲೆ ಮಡಿಕೇರಿಯಿಂದ ಡಲ್ಲಾಸ್‌ಗೆ ಬಂದಿದ್ದೀರಿ. ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಲು ಟೆಕ್ಸಸ್ ಕೊಡುವ ಕ್ಯಾರಿ ಲೈಸೆನ್ಸ್ ಕೈಸೇರಿದೆ. ಪಿಸ್ತೂಲು ಸೊಂಟದಲ್ಲಿರುವಾಗ ಪೊಲೀಸರು ಕಾರು ನಿಲ್ಲಿಸಿದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಬಂದ ಹೊಸದರಲ್ಲಿ ಇದನ್ನು ಹೇಳಿಕೊಡಲು ನಮ್ಮವರು ಯಾರೂ ಸಿಗುತ್ತಿರಲಿಲ್ಲ. ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ತೋಕ್‌ಪೂ ಹೂವು ಇಟ್ಟು ಕೈಮುಗಿದು ಬೆಳೆದವರಿಗೆ ಬಂದೂಕಿನ ಬಗ್ಗೆ ಒಂದು ಸಲಿಗೆ ಇರುತ್ತದೆ. ಇಲ್ಲಿ ಮೊದಲು ಬಿಡಬೇಕಾದ್ದು ಅದನ್ನೇ.

ಊರಿನಲ್ಲಿ ಟ್ರಾಫಿಕ್‌ನವರು ಕೈ ಅಡ್ಡ ಹಾಕಿದರೆ ಕಾಗದಪತ್ರ ಹಿಡಿದು ನಾವೇ ಇಳಿದು ಹೋಗುತ್ತೇವಲ್ಲ, ಇಲ್ಲಿ ಅವರು ಹೇಳದೆ ಇಳಿಯಲೇಬಾರದು. ಇಂಡಿಕೇಟರ್ ಹಾಕಿ ಬಲಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಗಾಜು ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ. ಆಮೇಲೆ ಎರಡೂ ಕೈ ಸ್ಟೀರಿಂಗ್ ಮೇಲೆ, ಬೆರಳು ಬಿಡಿಸಿ. ಆಫೀಸರ್ ಬಲಗಡೆ ಕಿಟಕಿಗೂ ಬರಬಹುದು, ಬೆಚ್ಚಬೇಡಿ.

ಬೆಲ್ಟ್ ಮಾತ್ರ ಬಿಚ್ಚಬೇಡಿ. ಇಲ್ಲಿ ಸ್ಟೀರಿಂಗ್ ಎಡಕ್ಕೆ, ಹಾಗಾಗಿ ಬೆಲ್ಟಿನ ಕೊಂಡಿ ಬಲ ಸೊಂಟದ ಪಕ್ಕಕ್ಕೇ ಬರುತ್ತದೆ. ಬಲಗೈಯವರು ಪಿಸ್ತೂಲು ಕಟ್ಟುವುದೂ ಅಲ್ಲೇ, ಪರ್ಸ್ ಇಡುವುದೂ ಅಲ್ಲೇ ಹಿಂದಿನ ಜೇಬಿನಲ್ಲಿ. ನೀವು ಯಾವುದಕ್ಕೆ ಕೈ ಹಾಕಿದಿರಿ ಅಂತ ಹೊರಗೆ ನಿಂತವನಿಗೆ ತಿಳಿಯುವುದಿಲ್ಲ. 2016ರ ಜುಲೈಯಲ್ಲಿ ಮಿನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬಾತ ಕಾರು ನಿಲ್ಲಿಸಿದ ಪೊಲೀಸ್ ಅಧಿಕಾರಿಗೆ ತನ್ನ ಬಳಿ ಬಂದೂಕಿದೆ ಎಂದು ಮರ್ಯಾದೆಯಿಂದಲೇ ಹೇಳಿದ್ದ, ಲೈಸೆನ್ಸೂ ಇತ್ತು. ಆತ ಬಂದೂಕಿಗೆ ಕೈ ಹಾಕುತ್ತಿದ್ದಾನೆಂದು ಭಾವಿಸಿದ ಅಧಿಕಾರಿ ಏಳು ಗುಂಡು ಹಾರಿಸಿದ. ಮರುವರ್ಷ ಜ್ಯೂರಿ ಅಧಿಕಾರಿಯನ್ನು ಖುಲಾಸೆ ಮಾಡಿತು. ತಪ್ಪು ಯಾರದೆಂದು ನ್ಯಾಯಾಲಯ ಆಮೇಲೆ ನೋಡುತ್ತದೆ, ಸತ್ತವನಿಗೆ ಅದರಿಂದೇನು? ಅದಕ್ಕೇ ಕಾರು ಹತ್ತುವ ಮೊದಲೇ ಡ್ರೈವಿಂಗ್ ಲೈಸೆನ್ಸ್, ಕ್ಯಾರಿ ಲೈಸೆನ್ಸ್, ಇನ್ಶೂರೆನ್ಸ್ ಕಾರ್ಡ್ ಮೂರನ್ನೂ ಕ್ಲಿಪ್ ಮಾಡಿ ಎದುರಿನ ವೈಸರ್‌ಗೆ (ಬಿಸಿಲು ತಡೆಯುವ ಮಡಚುಪಟ್ಟಿಗೆ) ಸಿಕ್ಕಿಸಿಡಿ. ಗ್ಲವ್ ಬಾಕ್ಸ್‌ನಲ್ಲಿ ಪಿಸ್ತೂಲಿನ ಜೊತೆ ಕಾಗದ ಇಡುವವರೂ ಇದ್ದಾರೆ, ದೇವರೇ ಕಾಪಾಡಬೇಕು.

ಮಾತು ಶುರುಮಾಡುವಾಗ 'ಗನ್' ಪದ ಬೇಡ. "ಆಫೀಸರ್, ಐ ಹ್ಯಾವ್ ಎ ಲೈಸೆನ್ಸ್ ಟು ಕ್ಯಾರಿ. ಐ ಆಮ್ ಕ್ಯಾರಿಯಿಂಗ್, ರೈಟ್ ಹಿಪ್. ಹೌ ವುಡ್ ಯೂ ಲೈಕ್ ಮಿ ಟು ಪ್ರೊಸೀಡ್?" ಅಂದು ಸುಮ್ಮನಿರಿ. ಟೆಕ್ಸಸ್‌ನಲ್ಲಿ ಪಿಸ್ತೂಲು ಜೊತೆಗಿದ್ದು ಗುರುತಿನ ಚೀಟಿ ಕೇಳಿದರೆ ಲೈಸೆನ್ಸ್‌ದಾರರು ಡ್ರೈವಿಂಗ್ ಲೈಸೆನ್ಸ್, ಕ್ಯಾರಿ ಲೈಸೆನ್ಸ್ ಎರಡನ್ನೂ ತೋರಿಸಬೇಕು. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ ಅರ್ಹರಿಗೆ ಕ್ಯಾರಿ ಲೈಸೆನ್ಸೇ ಬೇಕಿಲ್ಲ, ಆದರೂ ಇಟ್ಟುಕೊಳ್ಳಿ. ನಮ್ಮ ತಲೆ ಅಲ್ಲಾಡಿಸುವಿಕೆ ಹೌದೋ ಅಲ್ಲವೋ ಅವರಿಗೆ ತಿಳಿಯದು, ಬಾಯಿಬಿಟ್ಟೇ ಉತ್ತರಿಸಿ. ಪಕ್ಕದಲ್ಲಿ ಕೂತ ಮನೆಯವರು ಕನ್ನಡದಲ್ಲೋ ಕೊಡವ ತಕ್ಕಲ್ಲೋ ಪಿಸುಗುಟ್ಟುವುದು ಬೇಡ. ಅರ್ಥವಾಗದ ಮಾತಿನ ನಡುವೆ 'ಗನ್' ಒಂದೇ ಕೇಳಿಸಿದರೆ ಆತನ ಕೈ ಹೋಲ್‌ಸ್ಟರ್‌ಗೆ ಹೋಗುತ್ತದೆ.

ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವ ರೂಮ್‌ಮೇಟ್ ಕೈಗೆ ಪಿಸ್ತೂಲು ಕೊಡಬೇಡಿ, ಗುಂಡಿನ ಡಬ್ಬಿಯನ್ನೂ ಕೊಡಬೇಡಿ. ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಫೆಡರಲ್ ಕಾನೂನಿನಲ್ಲಿ ಅದು ಅಪರಾಧ, 15 ವರ್ಷದವರೆಗೆ ಜೈಲು. ಬೇರೆ ರಾಜ್ಯಕ್ಕೆ ಹೊರಟರೆ ನಿಯಮ ನೋಡಿಕೊಳ್ಳಿ. ಮಿಶಿಗನ್‌ನಲ್ಲಿ ಪೊಲೀಸರು ಕೇಳುವ ಮೊದಲೇ ಪಿಸ್ತೂಲಿದೆ ಎಂದು ಹೇಳಬೇಕು, ಕ್ಯಾಲಿಫೋರ್ನಿಯಾ ಟೆಕ್ಸಸ್ ಲೈಸೆನ್ಸನ್ನೇ ಒಪ್ಪುವುದಿಲ್ಲ.

ಆಫೀಸರ್ ಪಿಸ್ತೂಲು ತೆಗೆದಿಟ್ಟುಕೊಳ್ಳುತ್ತೇನೆಂದರೆ ವಾದ ಬೇಡ, ಅವರೇ ತೆಗೆಯಲಿ. ನಿಮ್ಮನ್ನು ಬಂಧಿಸದಿದ್ದರೆ ಅಲ್ಲೇ ವಾಪಸ್ ಕೊಡಬೇಕು. ಗುಂಡು, ಮ್ಯಾಗಜೀನ್ ಬಿಡಿಬಿಡಿಯಾಗಿ ಕೊಟ್ಟರೂ ಅಲ್ಲೇ ತುಂಬಲು ಹೋಗಬೇಡಿ. ಹಾಗೇ ಪಕ್ಕಕ್ಕಿಟ್ಟು ಹೊರಡಿ. ಅವರ ಕಾರು ಕಣ್ಮರೆಯಾದ ಮೇಲೆ ಎಲ್ಲಾದರೂ ನಿಲ್ಲಿಸಿ ಜೋಡಿಸಿಕೊಂಡರಾಯಿತು.